ಆರರ ಹುಡುಗಿಗೆ ಹದಿನಾರರ ಉಡುಪು: ಅಂಗಡಿಯಲ್ಲಿ, ಮೊಬೈಲಿನಲ್ಲಿ, ಶಾಲೆಯಲ್ಲಿ ಪೋಷಕರು ಏನು ಮಾಡಬಹುದು?

ಯುಗಾದಿಗೆ ಒಂದು ವಾರ ಮುಂಚೆ ದಾವಣಗೆರೆಯ ಬಟ್ಟೆ ಅಂಗಡಿಯೊಂದರಲ್ಲಿ ನಮ್ಮ ಅತ್ತೆ ಮೊಮ್ಮಗಳಿಗೆಂದು ಗುಲಾಬಿ ಬಣ್ಣದ ಟೀ ಶರ್ಟ್ ಒಂದನ್ನು ಆರಿಸಿದರು. ಒಳ್ಳೆಯ ಹತ್ತಿ, ಗಟ್ಟಿ ಹೊಲಿಗೆ, ಬೆಲೆಯೂ ಪರವಾಗಿಲ್ಲ. ಎದೆಯ ಮೇಲೆ ಮಿನುಗುವ ಇಂಗ್ಲಿಷ್ ಅಕ್ಷರಗಳು. "ಏನು ಬರೆದಿದ್ದಾರೆ ನೋಡಮ್ಮ" ಎಂದು ನನ್ನತ್ತ ಹಿಡಿದರು. ಓದಿದೆ, ಹೇಳಲು ಸ್ವಲ್ಪ ಹೊತ್ತು ಬೇಕಾಯಿತು. "ನನ್ನ ಹಿಂದೆ ಹುಡುಗರ ಸಾಲೇ ಇದೆ ಎಂದು ಬರೆದಿದೆ ಅತ್ತೆ." ಅವರು ಏನೂ ಮಾತಾಡಲಿಲ್ಲ. ಅಕ್ಷರಗಳು ಒಳಗೆ ಹೋಗುವಂತೆ ಟೀ ಶರ್ಟನ್ನು ಮಡಚಿ ರಾಶಿಯ ಅಡಿಗೆ ತಳ್ಳಿದರು. ಮಗಳಿಗೆ ಆಗ ಆರು ವರ್ಷ.

ಆ ದಿನದಿಂದ ಮಕ್ಕಳ ಉಡುಪು ಕೊಳ್ಳುವಾಗ ನಾನು ಮಾಡುವ, ಪರಿಚಯದ ತಾಯಂದಿರಿಗೂ ಹೇಳಿಕೊಟ್ಟಿರುವ ಕೆಲವು ಕೆಲಸಗಳನ್ನು ಇಲ್ಲಿ ಬರೆಯುತ್ತಿದ್ದೇನೆ. ಅದಕ್ಕೆ ಮುಂಚೆ ಒಂದು ಮಾತು. ಮೈ ಎಷ್ಟು ಮುಚ್ಚಿದೆ ಎಂದು ಅಳೆಯುವ ಲೇಖನ ಇದಲ್ಲ. ರಾಯಚೂರಿನ ಏಪ್ರಿಲ್ ತಿಂಗಳಿಗೆ ತೋಳಿಲ್ಲದ ಹತ್ತಿ ಫ್ರಾಕಿಗಿಂತ ಒಳ್ಳೆಯ ಉಡುಪಿಲ್ಲ. ಚಡ್ಡಿ ಬನಿಯನ್ನಿನಲ್ಲಿ ಕೆಸರಾಡುವ ಮಗುವಿನ ಉಡುಪಿನಲ್ಲಿ ಯಾವ ದೋಷವೂ ಇಲ್ಲ. ಪಾದ ಮುಚ್ಚುವ ಉಡುಪು ಕೂಡ ಮಗುವನ್ನು ಪುಟ್ಟ ಹೆಂಗಸನ್ನಾಗಿ ಮಾಡಿ ನಿಲ್ಲಿಸಬಲ್ಲದು: ನಾಲ್ಕು ವರ್ಷದವಳಿಗೆ ಬೆನ್ನಿಲ್ಲದ ಚೋಲಿಯ ದಾಂಡಿಯಾ ಲೆಹೆಂಗಾ, ಎದೆಗೆ ಪ್ಯಾಡ್ ಇಟ್ಟ ರವಿಕೆಯೊಂದಿಗೆ ಬರುವ ಸಿದ್ಧ ಸೀರೆ ಎಲ್ಲವೂ ನಮ್ಮ ಪೇಟೆಯಲ್ಲಿಯೇ ಸಿಗುತ್ತವೆ. ಹಾಗಾಗಿ ನಾನು ಕೇಳುವುದು ಎರಡೇ ಪ್ರಶ್ನೆ. ಈ ಉಡುಪು ತೊಟ್ಟು ಮಗು ಆಡಬಹುದೇ? ಇದನ್ನು ಹೊಲಿದಿರುವುದು ಯಾರ ಕಣ್ಣಿಗಾಗಿ?

ಈ ಚಿಂತೆ ನಮ್ಮೊಬ್ಬರದ್ದೇ ಅಲ್ಲ. 2010ರಲ್ಲಿ ಬ್ರಿಟನ್ನಿನ ಪ್ರೈಮಾರ್ಕ್ ಮಳಿಗೆಗಳು ಏಳು ವರ್ಷದ ಹುಡುಗಿಯರ ಅಳತೆಗೆ ಪ್ಯಾಡ್ ಇಟ್ಟ ಈಜುಡುಗೆ ಮಾರಿ, ಗಲಾಟೆಯಾದ ಮೇಲೆ ಕ್ಷಮೆ ಕೇಳಿ ಹಿಂತೆಗೆದುಕೊಂಡವು. ಮರುವರ್ಷ ಅಲ್ಲಿನ ಸರ್ಕಾರ ರೆಗ್ ಬೈಲಿ ಎಂಬವರಿಂದ ಬಾಲ್ಯದ ವ್ಯಾಪಾರೀಕರಣದ ಬಗ್ಗೆ ವರದಿ ತರಿಸಿಕೊಂಡಿತು. ಚಿಲ್ಲರೆ ವ್ಯಾಪಾರಿಗಳ ಸಂಘ ಮಕ್ಕಳ ಉಡುಪಿಗೆಂದೇ ನಿಯಮಾವಳಿ ಹೊರಡಿಸಿತು. ಅಷ್ಟಾದರೂ 2024ರ ಜನವರಿಯಲ್ಲಿ ಎಚ್ ಆ್ಯಂಡ್ ಎಂ ಕಂಪನಿ ಆಸ್ಟ್ರೇಲಿಯಾದಲ್ಲಿ ಶಾಲಾ ಉಡುಪಿನ ಜಾಹೀರಾತಿಗೆ ಇಬ್ಬರು ಪುಟ್ಟ ಹುಡುಗಿಯರನ್ನು ನಿಲ್ಲಿಸಿ, ಎಲ್ಲರೂ ತಿರುಗಿ ನೋಡುವಂತೆ ಮಾಡಿ ಎಂಬ ಅರ್ಥದ ಸಾಲು ಬರೆಯಿತು. ಶಾಲೆಗೆ ಹೋಗುವ ಮಗುವನ್ನು ಯಾರು ತಿರುಗಿ ನೋಡಬೇಕಿತ್ತೋ! ಆ ಜಾಹೀರಾತನ್ನೂ ತೆಗೆದು ಕ್ಷಮೆ ಕೇಳಿದರು. ಎರಡೂ ಸಲ ಕಂಪನಿಗಳು ಹಿಂದೆ ಸರಿದದ್ದು ಜನ ಮಾತೆತ್ತಿದ ಮೇಲೆ ಎಂಬುದನ್ನು ನೆನಪಿಡಿ. ದೂರು ಕೊಡುವ ಭಾಗಕ್ಕೆ ಬಂದಾಗ ಇದು ಬೇಕಾಗುತ್ತದೆ.

ಅಳತೆ ಬರೆದುಕೊಂಡು ಹೊರಡಿ

ಮಗುವಿನ ಎತ್ತರವನ್ನು ಸೆಂಟಿಮೀಟರಿನಲ್ಲಿ, ಎದೆ ಮತ್ತು ಸೊಂಟದ ಸುತ್ತಳತೆಯನ್ನು ಇಂಚಿನಲ್ಲಿ ಅಳೆದು ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಿ. ಪಟ್ಟಿಯ ಮೇಲಿನ "6–7 ವರ್ಷ" ಎಂಬುದು ಕಂಪನಿಯ ಅಂದಾಜು ಮಾತ್ರ. ವಿದೇಶಿ ಬ್ರ್ಯಾಂಡುಗಳಲ್ಲಿ ಕಾಣುವ 116, 122 ಎಂಬ ಸಂಖ್ಯೆಗಳು ಮಗುವಿನ ಎತ್ತರ. ಅವು ಹೆಚ್ಚು ನಂಬಿಕೆಗೆ ಅರ್ಹ.

ಅಳತೆಗೂ ನಮ್ಮ ವಿಷಯಕ್ಕೂ ನಂಟಿದೆ. ಸ್ವಲ್ಪ ದುಂಡಗಿನ ಅಥವಾ ಎತ್ತರದ ಎಂಟು ವರ್ಷದ ಹುಡುಗಿಗೆ ಮಕ್ಕಳ ವಿಭಾಗದಲ್ಲಿ ಉಡುಪು ಸಿಗದಿದ್ದರೆ ಅಂಗಡಿಯವರು ನೇರವಾಗಿ ಹದಿಹರೆಯದವರ ವಿಭಾಗಕ್ಕೆ ಕರೆದೊಯ್ಯುತ್ತಾರೆ. ಅಲ್ಲಿ ಅಳತೆಯೊಂದೇ ಬದಲಾಗುವುದಿಲ್ಲ. ಕತ್ತು ಇಳಿಯುತ್ತದೆ, ಸೊಂಟ ಬಿಗಿಯುತ್ತದೆ, ಅಂಗಿ ಹೊಕ್ಕುಳಿನ ಮೇಲೆ ನಿಲ್ಲುತ್ತದೆ. ಹೀಗಾದಾಗ ನಾನು ಹುಡುಗರ ವಿಭಾಗಕ್ಕೆ ಹೋಗುತ್ತೇನೆ. ಅಲ್ಲಿನ ಟೀ ಶರ್ಟುಗಳು ದಪ್ಪ, ಚಡ್ಡಿಗಳು ಸಡಿಲ, ಮೇಲಾಗಿ ಅವುಗಳಿಗೆ ಜೇಬು ಇರುತ್ತದೆ. ಹುಣಸೆಬೀಜ ತುಂಬಿಕೊಳ್ಳುವ ಅಗತ್ಯ ಹುಡುಗರಿಗೆ ಮಾತ್ರ ಎಂದು ಮಕ್ಕಳ ಉಡುಪು ಹೊಲಿಯುವವರಿಗೆ ಯಾರು ಹೇಳಿದರೋ ತಿಳಿಯದು.

ಬರೆದದ್ದನ್ನು ಓದಿ, ಬರದಿದ್ದರೆ ಓದಿಸಿ

ಅರ್ಥ ತಿಳಿಯದ ಬರಹವನ್ನು ಮಗುವಿನ ಎದೆಗೆ ಅಂಟಿಸಬೇಡಿ. ಇಂಗ್ಲಿಷ್ ಬರದಿದ್ದರೆ ನಾಚಿಕೆಪಡಬೇಕಾಗಿಲ್ಲ. ಮೊಬೈಲಿನ ಗೂಗಲ್ ಲೆನ್ಸ್ ತೆರೆದು ಅಕ್ಷರಗಳ ಮೇಲೆ ಹಿಡಿದರೆ ಅದು ಕನ್ನಡದಲ್ಲಿ ಅರ್ಥ ಹೇಳುತ್ತದೆ. ಅನುವಾದ ಒರಟಾಗಿರುತ್ತದೆ, ಆದರೆ "ಹೃದಯ ಮುರಿಯುವವಳು" ಎಂದು ಬಂದರೆ ವಿಷಯ ಗೊತ್ತಾಗಲು ಅಷ್ಟು ಸಾಕು.

ಗಂಡುಮಕ್ಕಳ ಅಂಗಿಗಳನ್ನೂ ಓದಿ. ಎರಡು ವರ್ಷದ ಹುಡುಗನನ್ನು ಹುಡುಗಿಯರ ಕನಸಿನ ರಾಜಕುಮಾರ ಎಂದು ಕರೆಯುವ ಬರಹ ತಮಾಷೆಯಾಗಿ ಕಾಣಬಹುದು. ಹುಡುಗಿಯ ಅಂಗಿಯ ಮೇಲೆ ಬೇಡವಾದದ್ದು ಹುಡುಗನ ಅಂಗಿಯ ಮೇಲೆ ಮಾತ್ರ ಏಕೆ ಮುದ್ದಾಗಬೇಕು? ಹುಡುಗಿಯರನ್ನು ದಡ್ಡರೆನ್ನುವ ಬರಹಗಳೂ ಉಂಟು. 2011ರಲ್ಲಿ ಅಮೆರಿಕದ ಜೆಸಿ ಪೆನ್ನಿ ಮಳಿಗೆ "ನಾನು ತುಂಬ ಚೆಂದ, ಮನೆಪಾಠ ಮಾಡಲಾರೆ, ನನ್ನ ಬದಲು ಅಣ್ಣತಮ್ಮನೇ ಮಾಡಬೇಕು" ಎಂಬ ಅರ್ಥದ ಟೀ ಶರ್ಟ್ ಮಾರಹೋಗಿ, ಜನ ಬೈದ ಮೇಲೆ ಹಿಂತೆಗೆಯಿತು.

ಒಳಗನ್ನು ಹೊರಗೆ ತಿರುಗಿಸಿ

ಎದೆಯ ಭಾಗದಲ್ಲಿ ಸ್ಪಂಜಿನ ತುಂಡು ಇದೆಯೇ ಎಂದು ಕೈಯಾಡಿಸಿ ನೋಡಿ. ಇದ್ದರೆ ಚರ್ಚೆ ಅಲ್ಲಿಗೇ ಮುಗಿಯಿತು. ಮಿಣುಕು, ನೆಟ್ ಬಟ್ಟೆಯ ಉಡುಪುಗಳಿಗೆ ಒಳಗೆ ಹತ್ತಿಯ ಅಸ್ತರಿ ಇರಬೇಕು. ಕುತ್ತಿಗೆ ಅಥವಾ ಬೆನ್ನಿನ ಮೇಲೆ ಕಟ್ಟುವ ದಾರಗಳನ್ನು ನಾನು ಬೇರೆ ಕಾರಣಕ್ಕೂ ಬೇಡವೆನ್ನುತ್ತೇನೆ: ಅವು ಜಾರುಬಂಡೆಗೆ, ಉಯ್ಯಾಲೆಯ ಸರಪಳಿಗೆ, ಬೈಕಿನ ಚಕ್ರಕ್ಕೆ ಸಿಕ್ಕಿಕೊಳ್ಳುತ್ತವೆ. ಯೂರೋಪಿನ ಸುರಕ್ಷತಾ ಮಾನದಂಡದ ಪ್ರಕಾರ ಏಳು ವರ್ಷದೊಳಗಿನ ಮಕ್ಕಳ ಉಡುಪಿನಲ್ಲಿ ಕುತ್ತಿಗೆಯ ಬಳಿ ಎಳೆದಾರ ಇರುವಂತೆಯೇ ಇಲ್ಲ. ಪುಟ್ಟ ಹುಡುಗಿಗೆ ದುಪಟ್ಟಾ ಹೊದಿಸಿ ಬೈಕಿನಲ್ಲಿ ಕೂರಿಸುವವರು ಇದನ್ನು ಎರಡು ಸಲ ಓದಿ.

ಕುಂಟೆಬಿಲ್ಲೆಯ ಪರೀಕ್ಷೆ

ತೊಡಿಸಿ ನೋಡುವ ಕೋಣೆಯಲ್ಲಿ ಮಗುವನ್ನು ಕನ್ನಡಿಯ ಮುಂದೆ ನಿಲ್ಲಿಸಿ "ಎಷ್ಟು ಚೆಂದ" ಎನ್ನುವ ಮುಂಚೆ ಹೊರಗೆ ಕರೆತಂದು ಐದು ಕೆಲಸ ಹೇಳಿ. ಎರಡೂ ಕೈ ಮೇಲೆತ್ತು. ಚಕ್ಕಳಮಕ್ಕಳ ಹಾಕಿ ಕೂರು. ಕುಕ್ಕರಗಾಲಿನಲ್ಲಿ ಕೂತು ಏಳು. ಕುಂಟೆಬಿಲ್ಲೆ ಆಡುವವಳಂತೆ ಒಂಟಿಕಾಲಿನಲ್ಲಿ ನಾಲ್ಕು ಮನೆ ಜಿಗಿ. ಕೊನೆಗೆ, ಉಡುಪನ್ನು ನೀನೇ ಬಿಚ್ಚಿ ನೋಡು. ಈ ಕೊನೆಯದನ್ನು ಹೆಚ್ಚಿನವರು ಮರೆಯುತ್ತಾರೆ. ಶಾಲೆಯ ಶೌಚಾಲಯದಲ್ಲಿ ಒಬ್ಬಳೇ ಇರುವಾಗ ಬೆನ್ನ ಹಿಂದಿನ ಜಿಪ್ಪಿಗೆ ಅವಳ ಕೈ ಎಟುಕದಿದ್ದರೆ ಅವಳು ಯಾರದೋ ಸಹಾಯ ಕೇಳಬೇಕಾಗುತ್ತದೆ. ಬಟ್ಟೆ ಬಿಚ್ಚಲು, ಹಾಕಲು ಬೇರೆಯವರ ಕೈ ಬೇಕಾಗದಿರುವುದು ಮಗುವಿನ ಸುರಕ್ಷತೆಯ ಒಂದು ಭಾಗ.

ಜಿಗಿಯುವಾಗ ಮಗು ಒಂದು ಕೈಯಿಂದ ಉಡುಪು ಹಿಡಿದುಕೊಂಡರೆ, ಅಂಗಿಯನ್ನು ಕೆಳಕ್ಕೆ ಎಳೆದುಕೊಳ್ಳುತ್ತಲೇ ಇದ್ದರೆ ಉಡುಪು ನಪಾಸು. ಹಿಮ್ಮಡಿ ಎತ್ತರದ ಚಪ್ಪಲಿಗೂ ಇದೇ ಪರೀಕ್ಷೆ. ಕುಂಟೆಬಿಲ್ಲೆಯ ಎರಡನೇ ಮನೆ ದಾಟಿದ ಹೈ ಹೀಲ್ಸನ್ನು ನಾನು ಇನ್ನೂ ಕಂಡಿಲ್ಲ.

ಒಂಬತ್ತು, ಹತ್ತರ ಹೊತ್ತಿಗೆ

ಹುಡುಗಿಯರಲ್ಲಿ ಮೈ ಬದಲಾಗಲು ತೊಡಗುವುದು 8ರಿಂದ 13 ವರ್ಷದ ನಡುವೆ. ಎಂಟೂವರೆಗೇ ಒಳ ಉಡುಪು ಬೇಕಾದರೆ ಗಾಬರಿಯಾಗಬೇಡಿ, ಮುಂದೂಡಲೂ ಬೇಡಿ. ಹತ್ತಿಯ ಸ್ಲಿಪ್ ಅಥವಾ ಪ್ಯಾಡ್ ಇಲ್ಲದ, ಅಗಲ ಪಟ್ಟಿಯ ಮೊದಲ ಬ್ರಾ ಸಾಕು. ಅದು ಹಿತಕ್ಕೆ, ಆಧಾರಕ್ಕೆ ಇರುವ ಬಟ್ಟೆ; ಆಕಾರ ಹೆಚ್ಚಿಸಿ ತೋರಿಸುವುದು ಅದರ ಕೆಲಸವಲ್ಲ. ಕೊಳ್ಳುವಾಗ ಮಗಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಅಂಗಡಿಯವನೊಂದಿಗೆ ಗಟ್ಟಿಯಾಗಿ ಚರ್ಚಿಸಬೇಡಿ.

"ಬೇಡ" ಎನ್ನುವ ಬಗೆ

ಉಡುಪಿನಲ್ಲಿ ನಾವು ಕಂಡ ದೋಷವನ್ನು ಮಗುವಿನ ಮೈಗೆ ವರ್ಗಾಯಿಸದಂತೆ ನೋಡಿಕೊಳ್ಳಬೇಕು. "ಛೀ, ಅಸಹ್ಯ", "ನೋಡಿದವರು ಏನನ್ನುತ್ತಾರೆ", "ಒಳ್ಳೆಯ ಹುಡುಗಿಯರು ಇಂಥದ್ದು ಹಾಕುವುದಿಲ್ಲ" ಎನ್ನುವ ಮಾತುಗಳು ಟೀ ಶರ್ಟಿನ ಬರಹಕ್ಕಿಂತ ಆಳವಾಗಿ ಅಚ್ಚಾಗುತ್ತವೆ. ಆರು ವರ್ಷದವಳಿಗೆ ಕಾಣುವುದು ಮಿಣುಕು ಮಾತ್ರ. ಅವಳು ಕೇಳಿದ್ದೂ ಮಿಣುಕನ್ನೇ. ಅಸಹ್ಯ ಯಾವುದು ಎಂಬುದನ್ನು ಅವಳು ಕಲಿತರೆ ನಮ್ಮ ಮುಖ ನೋಡಿ ಕಲಿಯುತ್ತಾಳೆ.

ನನ್ನ ಮಗಳೊಂದಿಗೆ ಹೊಟ್ಟೆ ಕಾಣುವ ಚೋಟು ಅಂಗಿಯೊಂದರ ಮುಂದೆ ನಡೆದ ಮಾತು ಹೀಗಿತ್ತು.

"ಅಮ್ಮ, ನನಗೆ ಇದೇ ಬೇಕು."

"ಇದರಲ್ಲಿ ನಿನಗೆ ಏನು ಇಷ್ಟವಾಯಿತು ಪುಟ್ಟಿ?"

"ಚಿಟ್ಟೆ ಹೊಳೆಯುತ್ತಿದೆ."

"ಚಿಟ್ಟೆ ನನಗೂ ಇಷ್ಟ. ಅಂಗಿ ಮಾತ್ರ ದೊಡ್ಡವರ ಅಂಗಿಯ ಹಾಗೆ ಹೊಲಿದಿದ್ದಾರೆ, ನೇತಾಡುವಾಗ ಮೇಲಕ್ಕೆ ಹೋಗುತ್ತದೆ. ಹೊಳೆಯುವ ಚಿಟ್ಟೆ ಇರುವ ಬೇರೆ ಅಂಗಿ ಹುಡುಕೋಣ. ಎರಡು ಸಿಕ್ಕರೆ ಯಾವುದು ಬೇಕೆಂದು ನೀನೇ ಹೇಳು."

ಸಿಕ್ಕಿದ್ದು ಚಿಟ್ಟೆಯಲ್ಲ, ಮೀನು. ಅಳು ಸ್ವಲ್ಪ ಹೊತ್ತು ಇತ್ತು. ಎಲ್ಲ ಸಲವೂ ಇದು ಸಲೀಸಾಗಿ ಮುಗಿಯುತ್ತದೆ ಎಂದು ನಾನು ಹೇಳಲಾರೆ. ಆದರೆ ಇಷ್ಟವಾದದ್ದು ಏನೆಂದು ಮೊದಲು ಕೇಳಿದರೆ ಅರ್ಧ ಜಗಳ ಇಳಿಯುತ್ತದೆ. ಮನೆಯಲ್ಲಿ ಅಮ್ಮನ ಸೀರೆ ಸುತ್ತಿಕೊಂಡು, ಲಿಪ್‌ಸ್ಟಿಕ್ ಮೆತ್ತಿಕೊಂಡು ಟೀಚರ್ ಆಟ ಆಡುವುದು ಬೇರೆ. ಅದು ಆಟ, ಅದರ ಯಜಮಾನಿ ಮಗುವೇ. ಅಲ್ಲಿ ನಿಮ್ಮ ಕೆಲಸ ಲಿಪ್‌ಸ್ಟಿಕ್ ಉಳಿಸಿಕೊಳ್ಳುವುದು ಮಾತ್ರ.

ನೆಂಟರು ತಂದದ್ದು

ಹುಟ್ಟುಹಬ್ಬಕ್ಕೆ ಸೋದರತ್ತೆ ಪ್ರೀತಿಯಿಂದ ತಂದ ಉಡುಪನ್ನು ಎಲ್ಲರೆದುರು ಬೇಡವೆನ್ನಬೇಡಿ. ಇಸಿದುಕೊಂಡು, ಆಮೇಲೆ ಒಬ್ಬರೇ ಇದ್ದಾಗ "ಅಳತೆ ಬದಲಿಸಬೇಕು, ಬಿಲ್ಲು ಇದೆಯೇ ಅತ್ತಿಗೆ?" ಎಂದು ಕೇಳಿದರೆ ಸಾಕು. ಮುಂದಿನ ವರ್ಷಕ್ಕೆ ಹಬ್ಬಕ್ಕಿಂತ ತಿಂಗಳು ಮೊದಲೇ "ಅವಳಿಗೆ ಈಗ ಹತ್ತಿಯ ಪೈಜಾಮ ಬೇಕಾಗಿದೆ" ಎಂದು ಸುದ್ದಿ ಹರಿಯಬಿಡಿ.

ಮೊಬೈಲು ಯಾರದ್ದು, ಕಣ್ಣು ಯಾರದ್ದು?

ಏಳೆಂಟು ವರ್ಷದೊಳಗಿನ ಮಕ್ಕಳಿಗೆ ಜಾಹೀರಾತು ಎಂದರೆ ಮಾರುವ ತಂತ್ರ ಎಂಬುದು ಅರ್ಥವಾಗುವುದಿಲ್ಲ; ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘದ ಕಾರ್ಯಪಡೆ 2004ರಲ್ಲೇ ಈ ತೀರ್ಮಾನಕ್ಕೆ ಬಂದಿತ್ತು. ಸ್ವೀಡನ್ 12 ವರ್ಷದೊಳಗಿನವರನ್ನು ಗುರಿಯಾಗಿಸಿದ ಟಿವಿ ಜಾಹೀರಾತುಗಳನ್ನು, ಕೆನಡಾದ ಕ್ವಿಬೆಕ್ ಪ್ರಾಂತ್ಯ 13 ವರ್ಷದೊಳಗಿನವರನ್ನು ಗುರಿಯಾಗಿಸಿದ ಜಾಹೀರಾತುಗಳನ್ನು ನಿಷೇಧಿಸಿರುವುದು ಇಂಥ ಕಾರಣಕ್ಕೆ.

ನಮ್ಮಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ವರ್ಷದೊಳಗಿನವರ ಜಾಡು ಹಿಡಿದು ಜಾಹೀರಾತು ತೋರಿಸುವುದನ್ನು ತಡೆಯುವ ನಿಯಮವಿದೆ. ಆದರೆ ನಮ್ಮ ಮಕ್ಕಳು ನೋಡುವುದು ಅಮ್ಮನ ಮೊಬೈಲಿನಲ್ಲಿ, ಅಮ್ಮನ ಖಾತೆಯಲ್ಲಿ. ಯಂತ್ರದ ಲೆಕ್ಕದಲ್ಲಿ ಆ ಆರು ವರ್ಷದ ಕಣ್ಣು ಮೂವತ್ತನಾಲ್ಕು ವರ್ಷದ ಗ್ರಾಹಕಿಯದು. ಆದ್ದರಿಂದ ಮಗುವಿಗೆ ಬೇರೆ ಪ್ರೊಫೈಲ್ ಮಾಡಿಕೊಡಿ, ಯೂಟ್ಯೂಬಿಗೆ ಮಕ್ಕಳ ಆ್ಯಪ್ ಬಳಸಿ, ನಿಮ್ಮ ಗೂಗಲ್ ಖಾತೆಯ ಜಾಹೀರಾತು ವಿಭಾಗಕ್ಕೆ ಹೋಗಿ ವೈಯಕ್ತಿಕ ಜಾಹೀರಾತುಗಳನ್ನು ನಿಲ್ಲಿಸಿ. ಶಾಪಿಂಗ್ ಆ್ಯಪಿಗೆ ಬೀಗದ ಸಂಖ್ಯೆ ಇರಲಿ.

ಇದರ ಜೊತೆಗೆ ಒಂದು ಆಟ. ವಿಡಿಯೊ ನೋಡುವಾಗ "ಇವರು ಏನು ಮಾರುತ್ತಿದ್ದಾರೆ?" ಎಂದು ಮೊದಲು ಕಂಡುಹಿಡಿದವರಿಗೆ ಒಂದು ಅಂಕ. ತನ್ನ ಬಟ್ಟೆಬರೆ, ಮೇಕಪ್ ಡಬ್ಬಿ ತೆರೆದು ತೋರಿಸುವ ಪುಟ್ಟ ಹುಡುಗಿಯ ವಿಡಿಯೊ ಜಾಹೀರಾತೆಂದು ಮಕ್ಕಳಿಗೆ ಅನಿಸುವುದೇ ಇಲ್ಲ. ಹಣ ಪಡೆದು ಹೊಗಳುವ ಇನ್‌ಫ್ಲುಯೆನ್ಸರುಗಳು ಅದನ್ನು ಜಾಹೀರಾತೆಂದು ಗುರುತು ಹಾಕಿ ಹೇಳಬೇಕೆಂದು ಭಾರತೀಯ ಜಾಹೀರಾತು ಮಾನದಂಡ ಮಂಡಳಿ (ASCI) 2021ರಲ್ಲಿ ನಿಯಮ ಮಾಡಿದೆ. ಮೂಲೆಯಲ್ಲಿ ಆ ಪುಟ್ಟ ಗುರುತನ್ನು ಹುಡುಕಿದವರಿಗೆ ಎರಡು ಅಂಕ ಕೊಡಿ. ನಮ್ಮ ಮನೆಯಲ್ಲಿ ಮಗಳು ನನಗಿಂತ ಬಹಳ ಮುಂದಿದ್ದಾಳೆ.

ವಾರ್ಷಿಕೋತ್ಸವದ ಹಾಡು

ಡಿಸೆಂಬರಿನ ಶಾಲಾ ವಾರ್ಷಿಕೋತ್ಸವದ ನೃತ್ಯಕ್ಕೆ ಸಿನಿಮಾದ ಐಟಂ ಹಾಡು, ಅದಕ್ಕೊಪ್ಪುವ ಉಡುಪು, ತುಟಿಗೆ ಗಾಢ ಬಣ್ಣ ಎಂದು ಶಾಲೆಯಿಂದ ಚೀಟಿ ಬಂದಾಗ ಹೆಚ್ಚಿನ ಪೋಷಕರು ಒಳಗೊಳಗೇ ಮುಜುಗರಪಟ್ಟುಕೊಂಡು ಬಾಡಿಗೆ ಕಟ್ಟಿ ಬರುತ್ತಾರೆ. ಮಗು ಒಂಟಿಯಾಗಿ ಉಳಿಯಬಾರದು ಎಂಬ ಭಯ. ಟಿವಿಯ ನೃತ್ಯ ಸ್ಪರ್ಧೆಗಳನ್ನು ನೋಡಿ ಶಾಲೆಗಳು ಕಲಿತ ಪಾಠ ಇದು. ಆ ಸ್ಪರ್ಧೆಗಳ ಬಗ್ಗೆಯೇ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯ 2019ರ ಜೂನ್‌ನಲ್ಲಿ ಖಾಸಗಿ ವಾಹಿನಿಗಳಿಗೆ ಸಲಹಾಪತ್ರ ಕಳಿಸಿ, ದೊಡ್ಡವರಿಗೆಂದು ಸಂಯೋಜಿಸಿದ ಸಿನಿಮಾ ನೃತ್ಯಗಳನ್ನು ಮಕ್ಕಳಿಂದ ಮಾಡಿಸಿ ವಯಸ್ಸಿಗೆ ಸಲ್ಲದ ರೀತಿಯಲ್ಲಿ ತೋರಿಸಬೇಡಿ ಎಂದಿತ್ತು. ಟಿವಿಗೆ ಸಲ್ಲದ್ದು ಶಾಲೆಯ ವೇದಿಕೆಗೆ ಸಲ್ಲುತ್ತದೆಯೇ?

ಅಭ್ಯಾಸ ಶುರುವಾದ ಮೊದಲ ವಾರವೇ ಬಾಯಿ ಬಿಡಿ. ಉಡುಪು ಬಂದ ಮೇಲೆ ಹೇಳಿದರೆ ಬದಲಿಸುವುದು ಶಾಲೆಗೂ ಕಷ್ಟ. ಒಬ್ಬರೇ ಹೋಗದೆ ಇನ್ನಿಬ್ಬರು ಪೋಷಕರನ್ನು ಜೊತೆಗೆ ಕರೆದುಕೊಳ್ಳಿ. ನೃತ್ಯ ಕಲಿಸುವವರನ್ನು ದೂರಬೇಡಿ, ಬದಲಿ ಹಾಡನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಪತ್ರ ಹೀಗಿರಬಹುದು:

"ಮಾನ್ಯ ಮುಖ್ಯೋಪಾಧ್ಯಾಯರಿಗೆ, ಎರಡನೇ ತರಗತಿಯ ನೃತ್ಯಕ್ಕೆ ಆರಿಸಿರುವ ಹಾಡಿನ ಸಾಹಿತ್ಯ ಮತ್ತು ಉಡುಪು ಏಳು ವರ್ಷದ ಮಕ್ಕಳಿಗೆ ಹೊಂದುವುದಿಲ್ಲ ಎಂಬುದು ನಮ್ಮ ಅನಿಸಿಕೆ. ಬದಲಿಸಲು ಇನ್ನೂ ಸಮಯವಿರುವುದರಿಂದ ಈಗಲೇ ಬರೆಯುತ್ತಿದ್ದೇವೆ. ಕೋಲಾಟ ಅಥವಾ ಸುಗ್ಗಿ ಕುಣಿತವನ್ನು ಆರಿಸಿದರೆ ಮನೆಯಲ್ಲಿರುವ ಬಟ್ಟೆಗಳಲ್ಲೇ ಉಡುಪು ಹೊಂದಿಸಬಹುದು, ಬಾಡಿಗೆಯ ಖರ್ಚೂ ಉಳಿಯುತ್ತದೆ. ಅಭ್ಯಾಸದ ವೇಳೆ ನೆರವಾಗಲು ನಾವು ಮೂವರು ಸಿದ್ಧರಿದ್ದೇವೆ."

ಬಾಡಿಗೆಯ ಸಾಲನ್ನು ಬಿಡಬೇಡಿ. ನನ್ನ ಅನುಭವದಲ್ಲಿ ಉಳಿದ ಪೋಷಕರನ್ನು ನಮ್ಮ ಕಡೆಗೆ ತಂದದ್ದು ಆ ಒಂದು ಸಾಲು.

ಫೋಟೊ ಮತ್ತು "ಮಕ್ಕಳ ಮಾಡೆಲ್ ಬೇಕಾಗಿದ್ದಾರೆ"

ಛದ್ಮವೇಷದ ಫೋಟೊಗಳನ್ನು ಮನೆಯವರ ಗುಂಪಿಗೆ ಮಾತ್ರ ಕಳಿಸಿ. ಎಲ್ಲರಿಗೂ ತೆರೆದ ಖಾತೆಯಲ್ಲಿ, ಅದರಲ್ಲೂ ಶಾಲೆಯ ಹೆಸರು ಕಾಣುವಂತೆ, ಹಾಕಬೇಡಿ. ಉಡುಪಿನ ಜಾಹೀರಾತಿಗೆ ಮಗು ಬೇಕೆಂದು ವಾಟ್ಸ್ಆ್ಯಪಿನಲ್ಲಿ ಬರುವ ಸಂದೇಶಗಳು ನೋಂದಣಿ ಶುಲ್ಕ ಅಥವಾ ಮಗುವಿನ ಈಜುಡುಗೆಯ ಫೋಟೊ ಕೇಳಿದರೆ ಉತ್ತರಿಸದೆ ಅಳಿಸಿ. ನಿಜವಾದ ಚಿತ್ರೀಕರಣಕ್ಕೆ ನಿಯಮಗಳಿವೆ. ಬಾಲಕಾರ್ಮಿಕ ನಿಷೇಧದ 2017ರ ತಿದ್ದುಪಡಿ ನಿಯಮಗಳ ಪ್ರಕಾರ ಜಿಲ್ಲಾಧಿಕಾರಿಯ ಅನುಮತಿ ಬೇಕು, ದಿನಕ್ಕೆ 5 ಗಂಟೆಗಿಂತ ಹೆಚ್ಚು ಕೆಲಸ ಮಾಡಿಸುವಂತಿಲ್ಲ, ಗಳಿಕೆಯ ಕನಿಷ್ಠ ಶೇ 20ರಷ್ಟನ್ನು ಮಗುವಿನ ಹೆಸರಿನಲ್ಲಿ ಬ್ಯಾಂಕಿನ ನಿಶ್ಚಿತ ಠೇವಣಿಯಲ್ಲಿ ಇಡಬೇಕು. ಅನುಮತಿ ಪತ್ರ ಎಲ್ಲಿದೆ ಎಂದು ಕೇಳಿ ನೋಡಿ. ಅರ್ಧ ಜನ ಅಲ್ಲಿಗೇ ಮಾಯವಾಗುತ್ತಾರೆ.

ದೂರು ಕೊಡುವುದು

ಅಂಗಡಿಯಲ್ಲಿ ಕಂಡದ್ದಾದರೆ ಮೊದಲು ಮ್ಯಾನೇಜರನ್ನು ಕರೆದು ಶಾಂತವಾಗಿ ತೋರಿಸಿ. ಮಾರಾಟಕ್ಕೆ ನಿಂತ ಹುಡುಗಿಗೆ ರೇಗಬೇಡಿ, ಸರಕು ತರಿಸುವವಳು ಅವಳಲ್ಲ. ಬೆಲೆಪಟ್ಟಿ, ವಯಸ್ಸಿನ ಪಟ್ಟಿ, ಬರಹ ಈ ಮೂರೂ ಕಾಣುವಂತೆ ಉಡುಪಿನ ಫೋಟೊ ತೆಗೆದುಕೊಂಡು ಕಂಪನಿಯ ಗ್ರಾಹಕ ವಿಭಾಗಕ್ಕೆ ಇ-ಮೇಲ್ ಮಾಡಿ. ಆನ್‌ಲೈನ್ ಮಳಿಗೆಯಾದರೆ ಆ ವಸ್ತುವಿನ ಪುಟದಲ್ಲೇ ದೂರು ಕೊಡುವ ಜಾಗ ಇರುತ್ತದೆ.

ಜಾಹೀರಾತಿನ ಬಗ್ಗೆ ನಿಮ್ಮ ಕೈಯಲ್ಲಿ ಗಟ್ಟಿ ಆಧಾರವೇ ಇದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜೂನ್‌ನಲ್ಲಿ ಹೊರಡಿಸಿದ ಮಾರ್ಗಸೂಚಿ ಮಕ್ಕಳನ್ನು ಗುರಿಯಾಗಿಸಿದ ಜಾಹೀರಾತುಗಳು ಏನು ಮಾಡಬಾರದು ಎಂದು ಹೇಳುತ್ತದೆ: ಕೊಳ್ಳದಿದ್ದರೆ ಗೆಳೆಯರು ನಗುತ್ತಾರೆ ಎಂಬ ಭಾವನೆ ಹುಟ್ಟಿಸಬಾರದು, ಅಪ್ಪ ಅಮ್ಮನನ್ನು ಪೀಡಿಸಿ ಕೊಡಿಸಿಕೊಳ್ಳಿ ಎಂದು ಮಕ್ಕಳಿಗೆ ನೇರವಾಗಿ ಹೇಳಬಾರದು, ತಮ್ಮ ಮೈಯ ಬಗ್ಗೆಯೇ ಕೀಳರಿಮೆ ಬರುವಂತೆ ಮಾಡಬಾರದು. ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡ ಹಾಕುವ ಅಧಿಕಾರ ಪ್ರಾಧಿಕಾರಕ್ಕಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಜಾಹೀರಾತು ಮಾನದಂಡ ಮಂಡಳಿಯ ಜಾಲತಾಣದಲ್ಲೂ ದೂರು ಬರೆಯಬಹುದು. ಜಾಹೀರಾತು ಎಲ್ಲಿ, ಯಾವ ದಿನ, ಎಷ್ಟು ಹೊತ್ತಿಗೆ ಕಂಡಿತು ಎಂಬುದನ್ನು ಸೇರಿಸಿ. ವಿಷಯ ಉಡುಪನ್ನು ದಾಟಿ ಮಗುವಿನ ದುರ್ಬಳಕೆಯ ಅನುಮಾನ ಹುಟ್ಟಿಸಿದರೆ ಗ್ರಾಹಕರ ದಾರಿ ಬಿಟ್ಟು ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಿ.

ಒಂದು ಎಚ್ಚರ: ಕೋಪದಲ್ಲಿ ಆ ಜಾಹೀರಾತನ್ನು "ನೋಡಿ ಎಂಥ ಕಾಲ ಬಂತು" ಎಂದು ಎಲ್ಲ ಗುಂಪುಗಳಿಗೂ ಹಂಚಬೇಡಿ. ಅದರಲ್ಲಿರುವುದೂ ಒಂದು ಮಗು. ದೂರಿಗೆ ಚಿತ್ರ ಬೇಕು, ಬೀದಿಗೆ ಬೇಡ.

ದರ್ಜಿಯ ಬಳಿ

ಇಷ್ಟೆಲ್ಲ ಹುಡುಕಿಯೂ ಹಬ್ಬಕ್ಕೆ ಏನೂ ಸಿಗದಿದ್ದರೆ ಹೊಲಿಸಿ. ಗುಳೇದಗುಡ್ಡದ ಖಣದಲ್ಲಿ ಪೋಲಕ, ಹತ್ತಿಯ ಪರಕಾರ. ಅಥವಾ ಅಜ್ಜಿಯ ಹಳೆಯ ರೇಷ್ಮೆ ಸೀರೆಯಿಂದ ಉದ್ದಲಂಗ. ಆದರೆ ದೊಡ್ಡವರ ರವಿಕೆಯ ಅಳತೆಪಟ್ಟಿಯನ್ನು ಚಿಕ್ಕದು ಮಾಡಿ ಕತ್ತರಿಸುವ ದರ್ಜಿಗಳೂ ಇದ್ದಾರೆ. ಎದೆಗೆ ಡಾಟ್ಸ್ (ಆಕಾರ ಕೊಡುವ ಮಡಿಕೆ ಹೊಲಿಗೆ) ಬೇಡ, ಬೆನ್ನಿಗೆ ದಾರ ಬೇಡ, ಮುಂದೆ ಗುಂಡಿ ಇರಲಿ, ಕಂಕುಳಲ್ಲಿ ಎರಡು ಬೆರಳು ಸಡಿಲ ಬಿಡಿ ಎಂದು ಮೊದಲೇ ಹೇಳಿ. ಲಂಗದ ಅಂಚಿಗಿಂತ ಮೇಲೆ ಎರಡು ಟಕ್ ಹಾಕಿಸಿ, ಒಂದೊಂದೂ ಎರಡು ಇಂಚು ಬಟ್ಟೆ ನುಂಗುವಷ್ಟು. ಮೊದಲನೆಯದನ್ನು ಮುಂದಿನ ಯುಗಾದಿಗೆ ಬಿಚ್ಚಬಹುದು. ಇನ್ನೊಂದು ಅದರ ಮರುವರ್ಷಕ್ಕೆ.